ಗೋಡೆ ಬುಡದ ಗಿಡ: ಹೆಸರು ಹೇಳುವ ಮೊದಲು ಎಲೆ ಮಗುಚಿ

ನಿಂತಲ್ಲಿಂದಲೇ ಒಂದು ಫೋಟೊ. ಗಿಡ ಗುರುತಿಸುವ ಆ್ಯಪ್ ಹೇಳಿದ ಮೊದಲ ಹೆಸರು. ಅಲ್ಲಿಗೆ ಮುಗೀತು ಅನ್ನುವವರೇ ಜಾಸ್ತಿ. ಹಾಲುಗಿಡದ ಚಿತ್ರ ತೋರಿಸಿ ‘ನೆಲನೆಲ್ಲಿ ಅಲ್ವಾ?’ ಎಂದು ಕೇಳುವವರಿಗೆ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಗೋಡೆ ಮತ್ತು ಫುಟ್‌ಪಾತ್ ಸೇರುವ ಬಿರುಕು ಹುಡುಕಿ. ಧೂಳು ಕೂತು ಮಣ್ಣಾಗುವುದು, ಮಳೆನೀರು ಇಂಗುವುದು, ಯಾರೂ ತುಳಿಯದೆ ಉಳಿಯುವುದು ಅಲ್ಲೇ. ಪಾರ್ಕ್ ಬೇಡ, ಅಲ್ಲಿ ನೆಟ್ಟ ಗಿಡಗಳದ್ದೇ ದರ್ಬಾರು.

ಹಂತ 2: ಕುಕ್ಕರಗಾಲಲ್ಲಿ ಕೂರಿ.

ಹಂತ 3: ಎಲ್ಲರೂ ಎಡವುವುದು ಇಲ್ಲಿ. ಹೂವಿನ ವಿಚಾರ ಆಮೇಲೆ. ಮೊದಲು ಕಡ್ಡಿಯಲ್ಲಿ ಎಲೆ ಹೇಗೆ ಕೂತಿದೆ ನೋಡಿ. ಆ ಕಡೆ ಒಂದು, ಸ್ವಲ್ಪ ಮೇಲೆ ಈ ಕಡೆ ಒಂದು ಇದ್ದರೆ ನೆಲನೆಲ್ಲಿ ಇರಬಹುದು. ನೆಲಕ್ಕೆ ಹಬ್ಬುವ ಹಾಲುಗಿಡದಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಈಗ ಕಡ್ಡಿಯನ್ನು ಮೆಲ್ಲಗೆ ಮಗುಚಿ. ಅಡಿಯಲ್ಲಿ ಸಾಲಾಗಿ ಪುಟಾಣಿ ಕಾಯಿ ತೂಗುತ್ತಿದ್ದರೆ ನೆಲನೆಲ್ಲಿ. ಇನ್ನೂ ಅನುಮಾನವೇ? ಒಂದು ಎಲೆ ಚಿವುಟಿ. ಬಿಳಿ ಹಾಲು ಒಸರಿದರೆ ಅದು ನೆಲನೆಲ್ಲಿಯಲ್ಲ. ಆ ಹಾಲು ಕಣ್ಣಿಗೆ ತಾಗಿದರೆ ಉರಿಯುತ್ತದೆ, ಕೈ ತೊಳೆಯಿರಿ. ಪಾರ್ಥೇನಿಯಂ ಅನ್ನಂತೂ ಬರಿಗೈಯಲ್ಲಿ ಮುಟ್ಟಲೇಬೇಡಿ, ಕೆಲವರಿಗೆ ಚರ್ಮವೆಲ್ಲ ಕೆರೆತ. ಉತ್ತರಾಣಿಯನ್ನು ಹುಡುಕುವ ಕಷ್ಟವೇ ಇಲ್ಲ. ಪ್ಯಾಂಟಿಗೆ ಅಂಟಿಕೊಂಡು ಅದೇ ಮನೆಗೆ ಬರುತ್ತದೆ.

ಮೂರೆಲೆಯ ಗಿಡ ಕಂಡ ಕೂಡಲೇ ಕ್ಲೋವರ್ ಅನ್ನಬೇಡಿ. ಪ್ರತಿ ಎಲೆಯೂ ತುದಿಯಲ್ಲಿ ಸೀಳಿ ಹೃದಯದ ಆಕಾರದಲ್ಲಿದ್ದರೆ ಅದು ಪುಲ್ಲಂಪುರಚಿ. ಬಲಿತ ಕಾಯಿಗೆ ಬೆರಳು ತಾಗಿಸಿ, ಬೀಜ ಚಟಚಟ ಸಿಡಿಯುತ್ತದೆ. ಹುಳಿ ಎಂದು ಬಾಯಿಗೆ ಹಾಕಬೇಡಿ, ನಾಯಿ ಕಾಲೆತ್ತುವ ಜಾಗ ಅದು!

ಕೊಳ್ಳುವುದಾದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಲೆನ್ಸ್ ಒಂದೇ ಸಾಕು. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಲೆನ್ಸ್ ದಂಡ, ಅಂಚೆಲ್ಲ ಮಸುಕು. ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಹೂವನ್ನೇ ಹತ್ತಿರ ತನ್ನಿ. ಟ್ರೈಡ್ಯಾಕ್ಸ್ ಎಂಬ ಕಳೆಗಿಡದ ಒಂದು ‘ಹೂವು’ ನೋಡಿ. ಅದು ಪುಟ್ಟ ಪುಟ್ಟ ಹೂಗಳ ಒಂದು ಗೊಂಚಲು.

ಹಂತ 4: ಈಗ ಫೋಟೊ. ಇಡೀ ಗಿಡ, ಎಲೆಯ ಮೇಲ್ಭಾಗ, ಅಡಿಭಾಗ, ಹೂವು ಅಥವಾ ಕಾಯಿ. ಅಳತೆಗೆ ಪಕ್ಕದಲ್ಲಿ ಬೆರಳಿಡಿ. ಆ್ಯಪ್ ತೆಗೆಯುವುದು ಇದಾದ ಮೇಲೆ. ಅದು ಕೊಟ್ಟ ಹೆಸರಿಗೆ ನೀವು ಕಂಡ ಎಲೆಜೋಡಣೆ ಹೊಂದದಿದ್ದರೆ ಆ ಹೆಸರನ್ನು ಸುಮ್ನೆ ಬಿಟ್ಟುಬಿಡಿ.

ಹಂತ 5: ವಾರ ಬಿಟ್ಟು ಅದೇ ಬಿರುಕಿಗೆ ಮತ್ತೆ ಹೋಗಿ. ಅಷ್ಟರಲ್ಲಿ ಯಾರೋ ಎಲ್ಲ ಕೆರೆದು ಹಾಕಿರಬಹುದು. ಗರಿಕೆ ಮಾತ್ರ ಬಿರುಕಿನೊಳಗೆ ಉಳಿದ ತುಂಡಿನಿಂದಲೇ ಮತ್ತೆ ತಲೆ ಎತ್ತುತ್ತಿರುತ್ತದೆ.