ನಮ್ಮ ಪಡಸಾಲೆಯಲ್ಲಿ ಅಳೆದು ನೋಡಿದ 5ಜಿ

ಮೊಬೈಲ್ ಕಂಪನಿಗಳ ಜಾಹೀರಾತು ಸಾರುವುದು ಡೌನ್‌ಲೋಡ್ ವೇಗವನ್ನು. ನನ್ನ ವ್ಯಾಪಾರ ನಿಂತಿರುವುದು ಅಪ್‌ಲೋಡ್ ವೇಗದ ಮೇಲೆ, ಅಂದರೆ ನನ್ನ ಫೋನಿನಿಂದ ಆಚೆ ಕಳುಹಿಸುವ ವೇಗದ ಮೇಲೆ. ಇಳಕಲ್‌ನಲ್ಲಿ ಮನೆಯ ಪಡಸಾಲೆಯಲ್ಲೇ ಕುಳಿತು ನಾನು ಸೀರೆ ಮಾರುತ್ತೇನೆ. ಕೊಳ್ಳುವವರಲ್ಲಿ ಬಹಳ ಮಂದಿ ಪುಣೆ, ಕೊಲ್ಹಾಪುರ, ಸೋಲಾಪುರ, ಬೆಳಗಾವಿ ಕಡೆಯವರು. ವಿಡಿಯೊ ಕರೆಯಲ್ಲಿ ಸೆರಗು ಬಿಚ್ಚಿ ಹಿಡಿದಾಗ ತೋಪ ತೆನಿ ಎಂಬ ಸೆರಗಿನ ವಿನ್ಯಾಸದ ಒಂದೊಂದು ತೆನೆಯೂ ಅವರಿಗೆ ಕಾಣಬೇಕು. ಚಿಕ್ಕಿ ಪರಾಸ ದಡಿಗೂ ಗೋಮಿ ದಡಿಗೂ ಇರುವ ವ್ಯತ್ಯಾಸ ತಿಳಿಯಬೇಕು. ಚಿತ್ರ ಮಸುಕಾಯಿತೆಂದರೆ ದಾಳಿಂಬೆ ಕೆಂಪು ಯಾವುದು, ಗಿರಿ ಕುಂಕುಮ ಯಾವುದು ಎಂದು ಗುರುತು ಹತ್ತುವುದಿಲ್ಲ. ಸೀರೆ ಕೈಸೇರಿದ ಮೇಲೆ "ಅಕ್ಕಾ, ನಾನು ನೋಡಿದ ಬಣ್ಣ ಇದಲ್ಲ" ಎಂದು ಯಾರಾದರೂ ಹೇಳಿದರೆ ನೇಕಾರನ ವಾರದ ದುಡಿಮೆಗೆ ಅಪವಾದ ಬರುತ್ತದೆ. ಆದ್ದರಿಂದ ಯಾವ ಸಿಮ್ ಹಾಕಿಸಬೇಕು, ಯಾವ ಪ್ಯಾಕ್ ತೆಗೆದುಕೊಳ್ಳಬೇಕು ಎಂಬುದನ್ನು ನಾನು ಜಾಹೀರಾತು ಫಲಕ ನೋಡಿ ತೀರ್ಮಾನಿಸುವುದಿಲ್ಲ. ಫಲಕದಲ್ಲಿ ಬರೆದದ್ದನ್ನು ಬಿಡಿಸಿ ಓದಿ, ಮನೆಯಲ್ಲಿ ಅಳೆದು ನೋಡಿ, ಆಮೇಲೆ ದುಡ್ಡು ಕೊಡುತ್ತೇನೆ.

"ದೇಶದ ಅತಿ ವೇಗದ ನೆಟ್‌ವರ್ಕ್" ಎಂಬ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಅಂಥ ಮಾತಿನ ಹಿಂದೆ ಸಾಮಾನ್ಯವಾಗಿ ಯಾವುದೋ ಒಂದು ವೇಗ ಪರೀಕ್ಷಾ ಸಂಸ್ಥೆಯ ವರದಿ ಇರುತ್ತದೆ. ಜನರು ತಮ್ಮ ಫೋನಿನಲ್ಲಿ ತಾವಾಗಿಯೇ ಮಾಡಿಕೊಂಡ ಪರೀಕ್ಷೆಗಳನ್ನು ಕೂಡಿಸಿ ಆ ವರದಿ ತಯಾರಾಗುತ್ತದೆ. ಯಾರು ಪರೀಕ್ಷಿಸಿದರು, ಯಾವ ಊರಲ್ಲಿ, ಎಂಥ ಫೋನಿನಲ್ಲಿ, ಯಾವ ಗಂಟೆಯಲ್ಲಿ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. 2017ರಲ್ಲಿ ಏರ್‌ಟೆಲ್ ಊಕ್ಲಾ ಸಂಸ್ಥೆಯ ವರದಿಯನ್ನು ಹಿಡಿದು ತಾನೇ ಅಧಿಕೃತವಾಗಿ ಅತಿ ವೇಗದ ನೆಟ್‌ವರ್ಕ್ ಎಂದು ಜಾಹೀರಾತು ನೀಡಿತು. ಜಿಯೊ ದೂರು ಕೊಟ್ಟಿತು. ಜಾಹೀರಾತು ಮಾನದಂಡಗಳ ಮಂಡಳಿಯು ಆ ಜಾಹೀರಾತನ್ನು ತಿದ್ದಬೇಕು ಇಲ್ಲವೇ ಹಿಂಪಡೆಯಬೇಕು ಎಂದು ಹೇಳಿತು. ಎರಡು ದೊಡ್ಡ ಕಂಪನಿಗಳೇ ಒಂದು ಮಾತಿನ ಅರ್ಥಕ್ಕಾಗಿ ಇಷ್ಟು ಕಾದಾಡುವಾಗ ಕೊಳ್ಳುವ ನಾವು ಆ ಮಾತನ್ನು ಹಾಗೆಯೇ ನುಂಗಬೇಕಾಗಿಲ್ಲ. ದೇಶದ ಸರಾಸರಿ ಏನೇ ಇರಲಿ, ನನ್ನ ಪಡಸಾಲೆಯಲ್ಲಿ ರಾತ್ರಿ ಎಂಟೂವರೆಗೆ ಎಷ್ಟು ಎಂಬುದೇ ನನಗೆ ಮುಖ್ಯ.

ಇನ್ನು ವೇಗದ ಅಂಕಿ. ಜಾಹೀರಾತಿನ ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂದು. ನಾವು ಕಳುಹಿಸುವ ಫೋಟೊ, ವಿಡಿಯೊಗಳ ಗಾತ್ರ ಇರುವುದು ಮೆಗಾಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 40 ಎಂಬಿಪಿಎಸ್ ಎಂದು ಕಂಡರೆ ಎಂಟರಿಂದ ಭಾಗಿಸಿ, ಸೆಕೆಂಡಿಗೆ 5 ಮೆಗಾಬೈಟ್ ಎಂದು ತಿಳಿಯಬೇಕು. ಅಂಕಿಯ ಪಕ್ಕದಲ್ಲಿ "ವರೆಗೆ" ಎಂಬ ಪದ ಇದ್ದರೆ ಅದು ಗರಿಷ್ಠ ಮಿತಿ, ಕನಿಷ್ಠದ ಭರವಸೆಯಲ್ಲ. ಸರಕಾರ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ಡೌನ್‌ಲೋಡ್ ವೇಗವನ್ನು 512 ಕೆಬಿಪಿಎಸ್‌ನಿಂದ (ಸಾವಿರ ಕೆಬಿಪಿಎಸ್ ಸೇರಿದರೆ ಒಂದು ಎಂಬಿಪಿಎಸ್) 2 ಎಂಬಿಪಿಎಸ್‌ಗೆ ಏರಿಸಿತು. ಜಾಹೀರಾತಿನ ನೂರಾರು ಎಂಬಿಪಿಎಸ್‌ಗೂ ಈ 2 ಎಂಬಿಪಿಎಸ್‌ಗೂ ನಡುವಿನ ಅಂತರ ಎಷ್ಟು ದೊಡ್ಡದು, ನೋಡಿ.

ಅಪ್‌ಲೋಡ್ ಯಾಕೆ ಯಾವಾಗಲೂ ಹಿಂದೆ ಬೀಳುತ್ತದೆ ಎಂಬುದಕ್ಕೆ ಗಟ್ಟಿ ಕಾರಣಗಳಿವೆ. ನಮ್ಮ ದೇಶದಲ್ಲಿ 5ಜಿಗೆ ಹೆಚ್ಚಾಗಿ ಬಳಕೆಯಾಗುವ 3.5 ಗಿಗಾಹರ್ಟ್ಸ್ ತರಂಗಾಂತರದಲ್ಲಿ ಬರುವುದಕ್ಕೂ ಹೋಗುವುದಕ್ಕೂ ದಾರಿ ಒಂದೇ. ಸಮಯವನ್ನು ಹಂಚಿಕೊಂಡು ಬಳಸುತ್ತಾರೆ, ಅದರಲ್ಲಿ ದೊಡ್ಡ ಪಾಲು ಡೌನ್‌ಲೋಡಿಗೆ ಮೀಸಲು. ಜನರಲ್ಲಿ ಹೆಚ್ಚಿನವರು ಸಿನಿಮಾ ನೋಡುವವರು, ಕಳುಹಿಸುವವರು ಕಡಿಮೆ ಎಂಬ ಲೆಕ್ಕ ಅದು. ಜೊತೆಗೆ ಟವರ್ ಜೋರಾಗಿ ಕೂಗಬಲ್ಲದು, ಬ್ಯಾಟರಿಯಲ್ಲಿ ನಡೆಯುವ ನಮ್ಮ ಫೋನಿನ ದನಿ ಸಣ್ಣದು. ಟವರಿನ ಮಾತು ನಮಗೆ ಕೇಳಿಸಿದರೂ ನಮ್ಮ ಮಾತು ಟವರಿಗೆ ಸರಿಯಾಗಿ ಮುಟ್ಟದ ಜಾಗಗಳು ಮನೆಯೊಳಗೆ ಬೇಕಾದಷ್ಟಿವೆ. ಅಂಥ ಕಡೆ ನನಗೆ ಗಿರಾಕಿಯ ಮುಖ ಸ್ಪಷ್ಟವಾಗಿ ಕಾಣುತ್ತಿರುತ್ತದೆ, ಅವರಿಗೆ ನನ್ನ ಸೀರೆ ಮಾತ್ರ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಫೋನಿನ ಮೇಲೆ 5ಜಿ ಎಂಬ ಗುರುತು ಇದ್ದ ಮಾತ್ರಕ್ಕೆ ಈ ತೊಂದರೆ ತಪ್ಪುವುದಿಲ್ಲ. ಏರ್‌ಟೆಲ್ ತನ್ನ 5ಜಿಯನ್ನು ಆರಂಭಿಸಿದ್ದು 4ಜಿಯ ಆಸರೆಯಲ್ಲಿ ನಡೆಯುವ ಪದ್ಧತಿಯಲ್ಲಿ. ಜಿಯೊ ತನ್ನದನ್ನು ಸ್ವತಂತ್ರ 5ಜಿಯಾಗಿ ಕಟ್ಟಿತು. ಮೊದಲ ಪದ್ಧತಿಯಲ್ಲಿ ಗುರುತು 5ಜಿ ಎಂದಿದ್ದರೂ ಅಪ್‌ಲೋಡ್ 4ಜಿಯ ಮೇಲೆ ಹೋಗುವುದುಂಟು. ಯಾವುದು ಮೇಲು ಎಂದು ನಾನು ಇಲ್ಲಿ ಹೇಳುತ್ತಿಲ್ಲ, ಗುರುತನ್ನು ನೋಡಿ ಸಮಾಧಾನಪಡಬೇಡಿ ಎನ್ನುತ್ತಿದ್ದೇನೆ.

ಅಳೆಯುವ ನನ್ನ ಕ್ರಮ ಹೀಗಿದೆ. ನನ್ನ ಫೋನಿನಲ್ಲಿ ಎರಡು ಸಿಮ್ ಹಾಕಬಹುದು. ಹೊಸ ಕಂಪನಿಯ ಸಿಮ್ ಒಂದನ್ನು ತೀರ ಸಣ್ಣ ಪ್ಯಾಕಿನೊಂದಿಗೆ ತೆಗೆದುಕೊಂಡು ಎರಡನೆಯ ಜಾಗದಲ್ಲಿ ಹಾಕುತ್ತೇನೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಮೈಸ್ಪೀಡ್ ಎಂಬ ಆ್ಯಪ್ ಕೊಟ್ಟಿದೆ, ಅದರಲ್ಲಿ ಪರೀಕ್ಷಿಸುತ್ತೇನೆ. ಡೌನ್‌ಲೋಡ್ ಅಂಕಿಯನ್ನು ಬಿಟ್ಟು ಅಪ್‌ಲೋಡ್ ಅಂಕಿಯನ್ನು ಬರೆದಿಟ್ಟುಕೊಳ್ಳುತ್ತೇನೆ. ಬೆಳಗ್ಗೆ ಅಂಗಡಿ ತೆರೆಯುವ ಮುನ್ನ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಊಟದ ಹೊತ್ತಿಗೆ ಒಮ್ಮೆ. ರಾತ್ರಿಯದೇ ನಿಜವಾದ ಪರೀಕ್ಷೆ; ಊರಿಗೆ ಊರೇ ಫೋನ್ ಹಿಡಿದು ಕುಳಿತಿರುವ ಹೊತ್ತದು, ನನ್ನ ಗಿರಾಕಿಗಳು ಮನೆಗೆಲಸ ಮುಗಿಸಿ ಕರೆ ಮಾಡುವುದೂ ಆಗಲೇ. ಏರಿಳಿಯದೆ ಸುಮಾರು 2 ಎಂಬಿಪಿಎಸ್ ಅಪ್‌ಲೋಡ್ ಸಿಕ್ಕರೆ ನನ್ನ ಕೆಲಸ ನಡೆಯುತ್ತದೆ. ಒಂದು ಗಳಿಗೆ 20 ತೋರಿಸಿ ಮರುಗಳಿಗೆ ಅರ್ಧ ಎಂಬಿಪಿಎಸ್‌ಗೂ ಇಳಿಯುವ ಸಂಪರ್ಕಕ್ಕಿಂತ ಸ್ಥಿರವಾದ 2 ಎಷ್ಟೋ ವಾಸಿ. ಒಂದು ಎಚ್ಚರಿಕೆ: 5ಜಿಯಲ್ಲಿ ಒಂದೇ ವೇಗ ಪರೀಕ್ಷೆಗೆ ನೂರಾರು ಎಂಬಿ ಡೇಟಾ ಕರಗಬಹುದು. ಸಣ್ಣ ಪ್ಯಾಕ್ ಇರುವಾಗ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ.

ಆ್ಯಪಿನ ಅಂಕಿಗಿಂತ ನಾನು ಹೆಚ್ಚು ನಂಬುವುದು ಕೆಲಸವನ್ನೇ ಮಾಡಿ ನೋಡುವುದನ್ನು. ವಿಜಯಪುರದಲ್ಲಿರುವ ತಂಗಿಗೆ ವಿಡಿಯೊ ಕರೆ ಮಾಡಿ ಸೆರಗು ಹಿಡಿಯುತ್ತೇನೆ. ಅವಳು ತನ್ನ ಫೋನಿನ ಪರದೆಯ ಚಿತ್ರ ತೆಗೆದು ಕಳುಹಿಸುತ್ತಾಳೆ. ಅದನ್ನು ಸೀರೆಯ ಪಕ್ಕದಲ್ಲಿಟ್ಟು ನೋಡುತ್ತೇನೆ. ದಡಿಯ ನೇಯ್ಗೆ ಕಂಡರೆ ಆ ಸಿಮ್ ನನ್ನ ವ್ಯಾಪಾರಕ್ಕೆ ಆಗಿಬರುತ್ತದೆ. "ಅಕ್ಕಾ, ಇನ್ನೊಂದು ಕಂಪನಿಯದರಲ್ಲಿ ನಿನ್ನ ದನಿ ಚೆನ್ನಾಗಿತ್ತು, ಇದರಲ್ಲಿ ಬಣ್ಣ ಚೆನ್ನಾಗಿದೆ" ಎಂದು ಅವಳು ಒಮ್ಮೆ ಹೇಳಿದಳು. ಯಾವ ಫಲಕವೂ ಇಷ್ಟು ನಿಖರವಾಗಿ ಹೇಳುವುದಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳ ಗೋಡೆ ದಪ್ಪ, ಕಲ್ಲಿನದು. ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪು, ಸಿಗ್ನಲ್ಲಿಗೆ ಮಾತ್ರ ದೊಡ್ಡ ತಡೆ. 3.5 ಗಿಗಾಹರ್ಟ್ಸ್‌ನಂಥ ಮೇಲಿನ ತರಂಗಾಂತರಗಳು ಹೆಚ್ಚು ಡೇಟಾ ಹೊರುತ್ತವೆ, ಗೋಡೆ ದಾಟುವಾಗ ಸೊರಗುತ್ತವೆ. 700, 900 ಮೆಗಾಹರ್ಟ್ಸ್‌ನಂಥ ಕೆಳಗಿನವು ದೂರ ಸಾಗುತ್ತವೆ, ಗೋಡೆಯನ್ನೂ ಹೊಕ್ಕು ಬರುತ್ತವೆ, ಹೊರುವುದು ಕಡಿಮೆ. ಬೀದಿಯಲ್ಲಿ ಹಾರುವ 5ಜಿ ಒಳಗೆ ಬಂದೊಡನೆ 4ಜಿಗೆ ಇಳಿಯುವುದು ಇದಕ್ಕೇ. ಕಮತಗಿ, ಸೂಳೇಬಾವಿಯ ನೇಕಾರರ ಮನೆಗಳಿಗೆ ಹೋದಾಗಲೂ ನಾನು ಮಗ್ಗದ ಬಳಿ ನಿಂತೇ ಸಿಗ್ನಲ್ ನೋಡುತ್ತೇನೆ, ಅಂಗಳದಲ್ಲಿ ಅಲ್ಲ. ಕಡ್ಡಿಗಳನ್ನು ಎಣಿಸಿ ಪ್ರಯೋಜನವಿಲ್ಲ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದನ್ನು ಫೋನ್ ತಯಾರಕರು ತಮ್ಮ ತಮ್ಮ ಇಷ್ಟದಂತೆ ಇಟ್ಟಿರುತ್ತಾರೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ತೆರೆದರೆ ಡಿಬಿಎಂ ಎಂಬ ಅಳತೆಯಲ್ಲಿ ಮೈನಸ್ ಅಂಕಿ ಕಾಣುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ಕ್ಕಿಂತ ಮೇಲಿದ್ದರೆ ನಿಶ್ಚಿಂತೆ, ಮೈನಸ್ 110ಕ್ಕಿಂತ ಕೆಳಗಿದ್ದರೆ ವಿಡಿಯೊ ಕರೆಯ ಆಸೆ ಬಿಡಬೇಕು.

"ಶೇಕಡಾ ಇಷ್ಟು ಜನರಿಗೆ ನಮ್ಮ ಸೇವೆ" ಎಂಬ ಮಾತಿನಲ್ಲಿ ಎಣಿಸುವುದು ಜನಸಂಖ್ಯೆಯನ್ನು, ನೆಲವನ್ನಲ್ಲ. ಜನ ಒತ್ತಾಗಿರುವ ಊರುಗಳನ್ನು ಹಿಡಿದರೆ ಆ ಶೇಕಡಾವಾರು ಬೇಗ ಏರುತ್ತದೆ. ಹುನಗುಂದದ ಕಡೆ ಎರೆಹೊಲದ ನಡುವೆ ನಿಂತ ರೈತನೂ ಆ ಲೆಕ್ಕದಲ್ಲಿ ಸೇವೆ ಪಡೆಯುವವನೇ, ಅವನ ಮನೆ ಇರುವ ಊರಿನಲ್ಲಿ ಟವರ್ ಇದೆಯಲ್ಲ! ಟ್ರಾಯ್ 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ 2ಜಿ, 3ಜಿ, 4ಜಿ, 5ಜಿ ಎಂದು ಬೇರೆ ಬೇರೆಯಾಗಿ ವ್ಯಾಪ್ತಿಯ ನಕ್ಷೆಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಸಿಮ್ ಕೊಳ್ಳುವ ಮುನ್ನ ನಾನು ಅದರಲ್ಲಿ ನಮ್ಮ ಓಣಿಯನ್ನು ಹುಡುಕುತ್ತೇನೆ. ನಕ್ಷೆಗೆ ನಮ್ಮ ಗೋಡೆಯ ದಪ್ಪ ಗೊತ್ತಿಲ್ಲ, ಆದರೂ ಯಾವ ಕಂಪನಿಯ ಸಿಮ್ ತಂದು ಪರೀಕ್ಷಿಸುವುದು ವ್ಯರ್ಥ ಎಂಬುದು ಅದರಿಂದ ತಿಳಿಯುತ್ತದೆ.

ರೀಚಾರ್ಜ್ ಅಂಗಡಿಯ ಹುಡುಗ ಒಳ್ಳೆಯವನು, ಕೇಳಿದ್ದಕ್ಕೆ ಉತ್ತರ ಹೇಳುತ್ತಾನೆ.

"ಅಕ್ಕಾ, ಇದನ್ನು ಹಾಕಿಸಿಕೊಳ್ಳಿ, 5ಜಿ ಅನ್‌ಲಿಮಿಟೆಡ್ ಇದೆ."

"ತಮ್ಮಾ, ದಿನಕ್ಕೆ ಎಷ್ಟು ಜಿಬಿಯ ಪ್ಯಾಕ್ ಇದು?"

"ಒಂದೂವರೆ."

"ಹಾಗಾದರೆ ಅನ್‌ಲಿಮಿಟೆಡ್ ಬರುತ್ತದೆಯೇ? ಕಂಪನಿಯ ಆ್ಯಪಿನಲ್ಲಿ ನೋಡಿ ಹೇಳು."

ಅವನು ನೋಡಿದ, ಬರುತ್ತಿರಲಿಲ್ಲ. 2024ರ ಜುಲೈನಲ್ಲಿ ದರ ಏರಿಸಿದಾಗ ಜಿಯೊ ಮತ್ತು ಏರ್‌ಟೆಲ್ ಈ ಸೌಲಭ್ಯವನ್ನು ಮುಖ್ಯವಾಗಿ ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ಹೆಚ್ಚಿನ ಪ್ಯಾಕುಗಳಿಗೆ ಇಟ್ಟುಕೊಂಡವು. ಇನ್ನೊಂದು ಮಾತು: ಅನ್‌ಲಿಮಿಟೆಡ್ ನಡೆಯುವುದು ಫೋನ್ 5ಜಿ ಮೇಲಿರುವಷ್ಟು ಹೊತ್ತು ಮಾತ್ರ. ಕಲ್ಲಿನ ಗೋಡೆಯ ಒಳಗೆ 4ಜಿಗೆ ಇಳಿದ ಕ್ಷಣದಿಂದ ದಿನದ ಪಾಲು ಖರ್ಚಾಗತೊಡಗುತ್ತದೆ. ಆ ಪಾಲು ಮುಗಿದ ಮೇಲೆ ಇಂಟರ್ನೆಟ್ ನಿಲ್ಲುವುದಿಲ್ಲ, ಹಲವು ಪ್ಯಾಕುಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಬಣ್ಣ ಕೆಡದಂತೆ ಕಳುಹಿಸುವ 4 ಎಂಬಿಯ ಒಂದು ಫೋಟೊ ಆ ವೇಗದಲ್ಲಿ ಹೋಗಲು 500 ಸೆಕೆಂಡು, ಎಂಟು ನಿಮಿಷಕ್ಕೂ ಮಿಗಿಲು. ಇದನ್ನೂ "ಅನಿಯಮಿತ" ಎಂದೇ ಕರೆಯುತ್ತಾರೆ. ಈ ಒಂದು ವಿಷಯದಲ್ಲಿ ನನಗೆ ನಿಜವಾಗಿಯೂ ಕೋಪವಿದೆ.

ದರದ ಲೆಕ್ಕ ಸುಲಭ: ರೂಪಾಯಿಯನ್ನು ದಿನಗಳಿಂದ ಭಾಗಿಸುವುದು. ಲೆಕ್ಕಕ್ಕೆಂದು 300 ರೂಪಾಯಿಯ ಪ್ಯಾಕ್ ಹಿಡಿಯೋಣ. 28 ದಿನಕ್ಕಾದರೆ ದಿನಕ್ಕೆ 10 ರೂಪಾಯಿ 71 ಪೈಸೆ, 30 ದಿನಕ್ಕಾದರೆ ಹತ್ತೇ ರೂಪಾಯಿ. 28 ದಿನದ್ದನ್ನು ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕು, ಆಗಲೂ 364 ದಿನವೇ ಆಗುವುದು. ಜನರ ದೂರಿನ ಮೇಲೆ ಟ್ರಾಯ್ 2022ರ ಜನವರಿಯಲ್ಲಿ ಆದೇಶ ಹೊರಡಿಸಿ, ಪ್ರತಿ ಕಂಪನಿಯೂ 30 ದಿನದ ಪ್ಯಾಕನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕನ್ನೂ ಇಡಲೇಬೇಕು ಎಂದಿತು. ಅವು ಇವೆ, ಫಲಕದ ಮೇಲೆ ದೊಡ್ಡದಾಗಿ ಬರುವುದಿಲ್ಲ. ನಮ್ಮ ಅತ್ತೆಯವರದು ಬಟನ್ ಫೋನ್, ಅವರಿಗೆ ಡೇಟಾ ಬೇಡ. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಪ್ರತ್ಯೇಕವಾಗಿ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ತಂದಿತು. ಅಂಥ ವಿಶೇಷ ಪ್ಯಾಕುಗಳ ಅವಧಿಯ ಮಿತಿಯನ್ನೂ 90 ದಿನದಿಂದ 365 ದಿನಕ್ಕೆ ಏರಿಸಿತು. ಹೆಸರು ಹಿಡಿದು ಕೇಳಿದ ಮೇಲೆಯೇ ಅಂಗಡಿಯಲ್ಲಿ ಅದನ್ನು ತೋರಿಸಿದರು. ಪ್ಯಾಕಿನ ಜೊತೆ ಬರುವ ಉಚಿತ ಸಿನಿಮಾ ಆ್ಯಪುಗಳ ಬಗ್ಗೆ ಹೇಳುವುದು ಕಡಿಮೆ. ನೋಡುವವರಿಗೆ ಲಾಭ, ನನಗೆ ಬೇಡ.

ಪರೀಕ್ಷೆಯಲ್ಲಿ ಗೆದ್ದ ಕಂಪನಿಗೆ ನಂಬರ್ ಬದಲಿಸದೆ ಹೋಗಬಹುದು. ಈ ಸೌಲಭ್ಯ ದೇಶದಾದ್ಯಂತ ಬಂದದ್ದು 2011ರ ಜನವರಿ 20ರಂದು. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಮೊಬೈಲ್ ನಂಬರ್ ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳುಹಿಸಿದರೆ ಕೋಡ್ ಬರುತ್ತದೆ. ಆ ಕೋಡ್ ನಾಲ್ಕು ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು. ಸಿಮ್ ಕಳೆದು ಹೊಸದು ಪಡೆದಿದ್ದರೆ ಏಳು ದಿನ ಕಾಯಬೇಕು. ದೀಪಾವಳಿಯ, ಮದುವೆಯ ಸುಗ್ಗಿಯಲ್ಲಿ ಮಾತ್ರ ನಾನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಬದಲಾಗುವ ಹೊತ್ತಿನಲ್ಲಿ ಫೋನ್ ಸ್ವಲ್ಪ ಕಾಲ ಸುಮ್ಮನಿರುತ್ತದೆ, ಗಿರಾಕಿಯ ಹಣ ಬಂದ ಸಂದೇಶ ಸಿಗುವುದಿಲ್ಲ.

ಕೊನೆಗೆ ನಕ್ಷತ್ರದ ಗುರುತು ಮತ್ತು ಅದರ ಕೆಳಗಿನ ಸಣ್ಣ ಅಕ್ಷರ. ನಮ್ಮ ಊರಿನ ಫಲಕಗಳಲ್ಲಿ ಘೋಷಣೆ ಕನ್ನಡದಲ್ಲಿ ಢಾಳಾಗಿರುತ್ತದೆ, ಷರತ್ತು ಇಂಗ್ಲಿಷಿನಲ್ಲಿ ಇರುವೆಯಷ್ಟು. ಇದನ್ನು ಸಹಿಸಬೇಕಾಗಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್ 9ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಘೋಷಣೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಮೇಲೆ ಹೇಳಿದ್ದನ್ನು ಕೆಳಗೆ ತಿರುಚುವಂತೆಯೂ ಇಲ್ಲ. ತಪ್ಪಿದವರಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಆ ಪ್ರಾಧಿಕಾರಕ್ಕೆ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಾಹೀರಾತು ಮಾನದಂಡಗಳ ಮಂಡಳಿಯೂ ಸಾಮಾನ್ಯರಿಂದ ದೂರು ತೆಗೆದುಕೊಳ್ಳುತ್ತದೆ. ದೂರು ಕೊಡುವವರು ಫಲಕದ ಎರಡು ಫೋಟೊ ತೆಗೆಯಿರಿ, ಇಡೀ ಫಲಕದ್ದು ಒಂದು, ಸಣ್ಣ ಅಕ್ಷರಗಳನ್ನು ಹತ್ತಿರದಿಂದ ತೆಗೆದದ್ದು ಇನ್ನೊಂದು. ಜಾಗ ಮತ್ತು ತಾರೀಖು ಬರೆಯಿರಿ. ಅದೇ ಜಾಗದಲ್ಲಿ ಅದೇ ಹೊತ್ತಿಗೆ ಮೈಸ್ಪೀಡ್‌ನಲ್ಲಿ ಬಂದ ಅಂಕಿಯನ್ನೂ ಜೊತೆಗೆ ಹಚ್ಚಿ ಕಳುಹಿಸಿ.