ಅಂಗಡಿ ಉಂಟು, ವೆಬ್‌ಸೈಟೂ ಉಂಟು, ಗೂಗಲಿಗೆ ಮಾತ್ರ ಗೊತ್ತಿಲ್ಲ

ಕಾಪು ಬೀಚಿಗೆ ನಡ್ಕೊಂಡು ಹೋಗುವಷ್ಟು ಹತ್ರ ನನ್ನ ಭಾವನದ್ದೊಂದು ಹೋಮ್‌ಸ್ಟೇ ಉಂಟು. ಮೂರೇ ರೂಮು, ಹಿಂದೆ ತೆಂಗಿನ ತೋಟ, ಬೆಳಿಗ್ಗೆ ಅಕ್ಕನ ಕೈಯ ನೀರ್‌ದೋಸೆ. ದುಡ್ಡು ಕೊಟ್ಟು ಚಂದದ ವೆಬ್‌ಸೈಟ್ ಮಾಡಿಸಿದ್ರು, ಒಂದೂವರೆ ವರ್ಷ ಆದ್ರೂ ಅದ್ರಿಂದ ಒಂದೇ ಒಂದು ಫೋನ್ ಬರ್ಲಿಲ್ಲ. ಬಂದ ಗಿರಾಕಿಗಳೆಲ್ಲ ಬುಕಿಂಗ್ ಆ್ಯಪ್‌ನಿಂದ್ಲೇ, ಪ್ರತಿಸಲ ಕಮಿಷನ್ ಕಟ್ಟಿ ಕಟ್ಟಿ ಭಾವನಿಗೆ ಸಾಕಾಗಿತ್ತು. "ನೀನು ಕಂಪ್ಯೂಟರ್ ಕಲ್ತವ ಅಲ್ವಾ, ಒಮ್ಮೆ ನೋಡು ಮಾರಾಯ" ಅಂದ್ರು. ನೋಡಿದ್ರೆ, ಇಂಥದ್ದೊಂದು ಸೈಟ್ ಉಂಟು ಅಂತ್ಲೇ ಗೂಗಲಿಗೆ ಗೊತ್ತಿಲ್ಲ!

ಎಸ್‌ಇಒ ಅಂತ ಹೇಳುದು ಇದ್ರ ರಿಪೇರಿಗೇ. ಸರ್ಚ್ ಇಂಜಿನ್ ಆಪ್ಟಿಮೈಸೇಶನ್ ಅಂತ ಪೂರ್ತಿ ಹೆಸರು ಕೇಳಿದ್ರೆ ಇಂಜಿನಿಯರಿಂಗ್ ಪೇಪರ್ ಹಾಗೆ ಕಾಣ್ತದೆ, ಆದ್ರೆ ನಿಮ್ಮ ಸೈಟ್ ಗೂಗಲಿನ ಕಣ್ಣಿಗೆ ಬೀಳುವ ಹಾಗೆ, ಅದ್ರಲ್ಲಿ ಎಂತ ಉಂಟು ಅಂತ ಅದಕ್ಕೆ ಅರ್ಥ ಆಗುವ ಹಾಗೆ ಮಾಡುದು ಅಷ್ಟೆ. ಸಣ್ಣ ವ್ಯಾಪಾರದವ್ರಿಗೆ ಇದು ಯಾಕೆ ಬೇಕು ಅಂದ್ರೆ, ಇನ್‌ಸ್ಟಾದಲ್ಲಿ ನಿಮ್ಮ ರೀಲ್ ನೋಡಿದವ ಒಂದು ಲೈಕ್ ಒತ್ತಿ ಮುಂದೆ ಹೋಗ್ತಾನೆ, ಆದ್ರೆ ರಾತ್ರಿ ಹತ್ತು ಗಂಟೆಗೆ ಬೆಂಗಳೂರಲ್ಲಿ ಕೂತು "ಕಾಪು ಬೀಚ್ ಹತ್ರ ರೂಮ್" ಅಂತ ಟೈಪ್ ಮಾಡುವವನಿಗೆ ರೂಮ್ ಬೇಕೇ ಬೇಕು, ಅವ ಹೆಂಡ್ತಿ ಹತ್ರ ಡೇಟೂ ಮಾತಾಡಿ ಆಗಿರ್ತದೆ. ಊರಿನವ್ರು ಕೇಳ್ಕೊಂಡು ಬರ್ತಾರೆ, ಇಲ್ಲದಿದ್ರೆ ರಿಕ್ಷಾದವ್ರು ತೋರಿಸ್ತಾರೆ. ಹೊರಗಿನವ್ರಿಗೆ ಗೂಗಲೇ ರಿಕ್ಷಾದವ್ರು.

ಮೊದಲ ಕೆಲಸ, ನಿಮ್ಮ ಸೈಟ್ ಗೂಗಲ್‌ನಲ್ಲಿ ಉಂಟಾ ಇಲ್ವಾ ನೋಡುದು. ಸರ್ಚ್ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟಿನ ವಿಳಾಸ ಹಾಕಿ. ಪೇಜುಗಳ ಪಟ್ಟಿ ಬಂದ್ರೆ ಒಳ್ಳೇದು. ಏನೂ ಬರದಿದ್ರೆ ಎಲ್ಲೋ ಬಾಗಿಲು ಹಾಕಿರುವ ಸಾಧ್ಯತೆ ಉಂಟು. ಗೂಗಲಿನ ಬಾಟ್, ಅಂದ್ರೆ ತನ್ನಷ್ಟಕ್ಕೇ ಸೈಟುಗಳನ್ನು ಸುತ್ತುವ ಪ್ರೋಗ್ರಾಮ್, ಲಿಂಕಿನಿಂದ ಲಿಂಕಿಗೆ ಹೋಗಿ ಪೇಜ್ ಓದ್ತದೆ, ಓದಿದ್ದನ್ನು ತನ್ನ ಇಂಡೆಕ್ಸಿಗೆ, ಅಂದ್ರೆ ದೊಡ್ಡ ಪಟ್ಟಿಗೆ, ಸೇರಿಸ್ತದೆ, ನಾವು ಹುಡುಕಿದಾಗ ಆ ಇಂಡೆಕ್ಸಿನಿಂದ ತೆಗೆದು ಕೊಡ್ತದೆ. ಇಂಡೆಕ್ಸಿನಲ್ಲೇ ಇಲ್ಲದಿದ್ರೆ ನಿಮ್ಮ ಸೈಟ್ ಎಷ್ಟು ಚಂದ ಇದ್ರೂ ಲೆಕ್ಕಕ್ಕಿಲ್ಲ. ಭಾವನ ಸೈಟಿನಲ್ಲಿ ಆದದ್ದು ಇದೇ, ಸೈಟ್ ಕಟ್ಟಿದ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಅಂತ ಒಂದು ಜಾಗ ಉಂಟು, ಅಲ್ಲಿ ಸರ್ಚ್ ಇಂಜಿನ್‌ಗಳು ಈ ಸೈಟನ್ನು ಇಂಡೆಕ್ಸ್ ಮಾಡ್ಬೇಡಿ ಅಂತ ಹೇಳುವ ಒಂದು ಟಿಕ್. ಸೈಟ್ ಕಟ್ಟುವಾಗ ಆ ಟಿಕ್ ಹಾಕುದು ವಾಡಿಕೆ. ಮಾಡಿಕೊಟ್ಟವ್ರು ಕೆಲಸ ಮುಗಿದ ಮೇಲೆ ತೆಗೀಲಿಕ್ಕೆ ಮರೆತಿದ್ರು. ಒಂದೂವರೆ ವರ್ಷದ ವ್ಯಾಪಾರ ಹೋದದ್ದು ಒಂದು ಟಿಕ್ಕಿನಲ್ಲಿ, ಭಾವನಿಗೆ ಹೇಳಿದಾಗ ಅವ್ರು ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ.

ಅದು ಸರಿಯಾದ ಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ, ಅಂದ್ರೆ ನಿಮ್ಮ ಸೈಟ್ ಗೂಗಲ್‌ನಲ್ಲಿ ಹೇಗೆ ಕಾಣ್ತಾ ಉಂಟು ಅಂತ ತೋರಿಸುವ ಗೂಗಲಿನದ್ದೇ ಜಾಗದಲ್ಲಿ, ಸೈಟ್ ಸೇರಿಸಿ, ಇದಕ್ಕೆ ದುಡ್ಡು ಬೇಡ. ಸೈಟ್ ನಿಮ್ಮದೇ ಅಂತ ತೋರಿಸ್ಬೇಕು, ಮತ್ತೆ ಸೈಟ್‌ಮ್ಯಾಪ್, ಅಂದ್ರೆ ಸೈಟಿನ ಪುಟಗಳ ಪಟ್ಟಿ ಇರುವ ಫೈಲಿನ, ವಿಳಾಸ ಕೊಡ್ಬೇಕು. ಅರ್ಧ ಗಂಟೆಯ ಕೆಲಸ.

ಈಗ ಬರ್ತದೆ ಅಸಲಿ ವಿಷಯ, ಶಬ್ದ. ಭಾವನ ಸೈಟಿನ ಮುಖಪುಟದಲ್ಲಿ ದೊಡ್ಡದಾಗಿ ಇದ್ದದ್ದು "ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಕ್ಷಣಗಳು". ಇದನ್ನು ಯಾರಾದ್ರೂ ಗೂಗಲ್‌ನಲ್ಲಿ ಟೈಪ್ ಮಾಡಿ ಹುಡುಕ್ತಾರಾ ಮಾರಾಯ್ರೆ? ಕಾಪು ಅಂತ ಒಂದು ಕಡೆಯೂ ಇಲ್ಲ, ಉಡುಪಿ ಅಂತ ಇಲ್ಲ, ಹೋಮ್‌ಸ್ಟೇ ಅನ್ನುವ ಶಬ್ದವೂ ಲೋಗೋದ ಚಿತ್ರದೊಳಗೆ ಮಾತ್ರ. ಬ್ರೌಸರಿನ ಟ್ಯಾಬಿನಲ್ಲಿ ಕಾಣುವ ಟೈಟಲ್ ನೋಡಿದ್ರೆ ಬರೀ "ಹೋಮ್". ಗೂಗಲ್ ರಿಸಲ್ಟಿನಲ್ಲಿ ನೀಲಿ ಅಕ್ಷರದಲ್ಲಿ ಕಾಣುದು ಹೆಚ್ಚಾಗಿ ಈ ಟೈಟಲೇ, ಹಾಗಾಗಿ ನಾನು ಮೊದಲು ಮುಟ್ಟಿದ್ದೂ ಅದನ್ನೇ, ಎಂತ ವ್ಯಾಪಾರ, ಯಾವ ಊರು, ಎಂತ ಹೆಸರು, ಮೂರೂ ಬರುವ ಹಾಗೆ. ರೂಮಿನ ಪುಟಕ್ಕೆ ಬೇರೆ ಟೈಟಲ್, ಊಟದ ಪುಟಕ್ಕೆ ಬೇರೆ.

ನಮ್ಮ ಊರುಗಳ ಹೆಸರೇ ಒಂದು ರಗಳೆ. ಮಂಗಳೂರು ಇಂಗ್ಲಿಷಿನಲ್ಲೂ ಅಧಿಕೃತವಾಗಿ ಮಂಗಳೂರು ಆದದ್ದು 2014ರ ನವೆಂಬರ್ 1ಕ್ಕೆ, ಆದ್ರೂ ಜನ ಈಗ್ಲೂ ಮ್ಯಾಂಗಲೋರ್ ಅಂತ ಟೈಪ್ ಮಾಡ್ತಾರೆ, ತುಳುವರಿಗೆ ಅದು ಕುಡ್ಲ. ಕಾಪುವನ್ನು ಇಂಗ್ಲಿಷಿನಲ್ಲಿ ಒಬ್ಬ ಕೆ ಎ ಪಿ ಯು ಅಂತ ಬರೆದ್ರೆ ಇನ್ನೊಬ್ಬ ಕೆ ಎ ಯು ಪಿ, ಹೆದ್ದಾರಿ ಬೋರ್ಡ್ ನೋಡಿದವ ಮತ್ತೊಂದು. ದೊಡ್ಡ ಊರಿನ ಎರಡು ಹೆಸರೂ ಒಂದೇ ಅಂತ ಗೂಗಲಿಗೆ ಅರ್ಥ ಆಗ್ತದೆ, ಸಣ್ಣ ಊರಿನ ವಿಷಯದಲ್ಲಿ ಮಾತ್ರ ನಾನು ಅದನ್ನು ನಂಬಿ ಕೂರುದಿಲ್ಲ. ಒಂದು ಸ್ಪೆಲ್ಲಿಂಗ್ ಟೈಟಲ್‌ನಲ್ಲಿ, ಇನ್ನೊಂದು "ಇಲ್ಲಿಗೆ ಬರುದು ಹೇಗೆ" ಅನ್ನುವ ಪುಟದಲ್ಲಿ ಸಹಜವಾಗಿ ಬಂದ್ರೆ ಸಾಕು. ಒಂದೇ ಶಬ್ದವನ್ನು ನಲ್ವತ್ತು ಸಲ ತುರುಕಿದ್ರೆ ಗೂಗಲ್ ಅದನ್ನು ಸ್ಪ್ಯಾಮ್ ಅಂತ ನೋಡ್ತದೆ. ಮೆಟಾ ಕೀವರ್ಡ್ ಅಂತ ಪುಟದ ಕೋಡಿನೊಳಗೆ, ಓದುವವ್ರಿಗೆ ಕಾಣದ ಒಂದು ಜಾಗಕ್ಕೆ ಐವತ್ತು ಶಬ್ದ ತುಂಬಿಸಿ ಬಿಲ್ ಮಾಡುವವ್ರು ಈಗ್ಲೂ ಇದ್ದಾರೆ, ರ‍್ಯಾಂಕಿಂಗಿಗೆ ನಾವು ಅದನ್ನು ನೋಡುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿ ಆಗಿದೆ.

ಇನ್ನೊಂದು ತಪ್ಪು ನಮ್ಮ ಕಡೆ ಹೋಟೆಲಿನವ್ರು ಬೇಕರಿಯವ್ರು ತುಂಬಾ ಜನ ಮಾಡ್ತಾರೆ, ಮೆನು ಕಾರ್ಡಿನ ಫೋಟೋ ತೆಗೆದು ಹಾಗೇ ಸೈಟಿಗೆ ಹಾಕುದು. ಬನ್ಸ್, ಗೋಳಿಬಜೆ, ಕೋರಿ ರೊಟ್ಟಿ ಎಲ್ಲ ಚಿತ್ರದೊಳಗೆ ಸಿಕ್ಕಿ ಬಿದ್ದಿರ್ತದೆ. ಅದನ್ನು ಅಕ್ಷರದಲ್ಲಿ ಟೈಪ್ ಮಾಡಿ, ರೇಟೂ ಹಾಕಿ. ಫೋಟೋ ಬೇಕು, ಆದ್ರೆ ಫೋನಿನಲ್ಲಿ ತೆಗೆದ ಐದಾರು ಎಂಬಿ ಫೋಟೋ ಹಾಗೇ ಬೇಡ, ಸಣ್ಣ ಮಾಡಿ ಹಾಕಿ. ಗೂಗಲ್ ಈಗ ಲೆಕ್ಕಕ್ಕೆ ತೆಗೊಳ್ಳುದು ನಿಮ್ಮ ಸೈಟಿನ ಮೊಬೈಲ್ ರೂಪವನ್ನೇ, ಪೇಜಿನ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣ್ಬೇಕು ಅಂತ ಅದ್ರ ಅಳತೆ. ಗೂಗಲಿನದ್ದೇ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನುವ ಸೈಟಿನಲ್ಲಿ ವಿಳಾಸ ಹಾಕಿದ್ರೆ ಎಲ್ಲಿ ಎಳೀತಾ ಉಂಟು ಅಂತ ಅದೇ ಹೇಳ್ತದೆ.

ಇನ್ನು ಮ್ಯಾಪ್. ಹಂಪನಕಟ್ಟೆಯಲ್ಲಿ ಜ್ಯೂಸ್ ಅಂಗಡಿ ಇಟ್ಟವ್ರಿಗೆ, ಉಡುಪಿ ರಥಬೀದಿಯಲ್ಲಿ ಪೂಜೆ ಸಾಮಾನಿನ ಅಂಗಡಿಯವ್ರಿಗೆ ನನ್ನ ಪ್ರಕಾರ ವೆಬ್‌ಸೈಟಿಗಿಂತ ಮೊದಲು ಬೇಕಾದ್ದು ಇದೇ. ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ, ಮೊದಲು ಗೂಗಲ್ ಮೈ ಬಿಸಿನೆಸ್ ಅಂತ ಇತ್ತು, ಫ್ರೀ. "ಹತ್ತಿರದ" ಅಂತ ಹುಡುಕಿದಾಗ ಗೂಗಲ್ ಮೂರು ವಿಷಯ ನೋಡ್ತದೆ: ಹುಡುಕಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಸಂಬಂಧ, ದೂರ, ಮತ್ತೆ ನಿಮ್ಮ ಹೆಸರು ಎಷ್ಟು ಚಾಲ್ತಿಯಲ್ಲುಂಟು ಅಂತ. ದೂರ ನಮ್ಮ ಕೈಯಲ್ಲಿಲ್ಲ. ಉಳಿದದ್ದಕ್ಕೆ ಕ್ಯಾಟಗರಿ ಸರಿಯಾಗಿ ಆರಿಸಿ, ಟೈಮಿಂಗ್ ಹಾಕಿ, ಪಿನ್ ಎಲ್ಲಿ ಬಿದ್ದಿದೆ ಅಂತ ನೋಡಿ, ಭಾವನ ಪಿನ್ ಪಕ್ಕದ ಮನೆ ಕೊಟ್ಟಿಗೆಗೆ ಬಿದ್ದಿತ್ತು, ಬಂದವ್ರೆಲ್ಲ ಮೊದಲು ದನಕ್ಕೆ ಟಾಟಾ ಮಾಡಿ ಬರ್ತಿದ್ರು. ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರುವ ಹೆಸರು ಮಾತ್ರ ಹಾಕಿ, "ಬೆಸ್ಟ್" "ನಂಬರ್ ವನ್" ಅಂತ ಸೇರಿಸಿದ್ರೆ ಪ್ರೊಫೈಲನ್ನೇ ಸಸ್ಪೆಂಡ್ ಮಾಡಬಹುದು. ರಿವ್ಯೂ ಬರೀಲಿಕ್ಕೆ ಕೇಳಿ, ಬರೆದ್ರೆ ಡಿಸ್ಕೌಂಟ್ ಕೊಡ್ತೇನೆ ಅಂತ ಮಾತ್ರ ಹೇಳ್ಬೇಡಿ, ಅದು ನಿಯಮಕ್ಕೆ ವಿರುದ್ಧ. ಬೈದು ಬರೆದವ್ರಿಗೂ ಮರ್ಯಾದೆಯಲ್ಲೇ ಉತ್ತರ ಕೊಡಿ, ಓದುದು ಅವರೊಬ್ಬರೇ ಅಲ್ಲ.

ಒಂದು ಸಲ ಸೈಟ್ ಕಾಣ್ಲಿಕ್ಕೆ ಶುರುವಾದ ಮೇಲೆ ಫೋನ್ ಬರ್ತದೆ ನೋಡಿ, "ಸರ್ ಒಂದು ತಿಂಗಳಲ್ಲಿ ಫಸ್ಟ್ ರ‍್ಯಾಂಕ್ ಗ್ಯಾರಂಟಿ, ಸಾವಿರ ಬ್ಯಾಕ್‌ಲಿಂಕ್" ಅಂತ. ಬ್ಯಾಕ್‌ಲಿಂಕ್ ಅಂದ್ರೆ ಬೇರೆ ಸೈಟಿನಿಂದ ನಿಮ್ಮ ಸೈಟಿಗೆ ಬರುವ ಲಿಂಕ್. ಫಸ್ಟ್ ರ‍್ಯಾಂಕ್ ಗ್ಯಾರಂಟಿ ಯಾರೂ ಕೊಡ್ಲಿಕ್ಕಾಗುದಿಲ್ಲ ಅಂತ ಗೂಗಲೇ ಹೇಳ್ತದೆ, ರ‍್ಯಾಂಕಿಗೋಸ್ಕರ ಲಿಂಕ್ ಖರೀದಿ ಮಾಡುದು ಅವರ ನಿಯಮದಲ್ಲಿ ತಪ್ಪು. ನೀವು ಮಾಡಿದ ಬದಲಾವಣೆ ಕಾಣ್ಲಿಕ್ಕೆ ಕೆಲವು ಸಲ ವಾರಗಳು, ಕೆಲವು ಸಲ ತಿಂಗಳುಗಳೇ ಬೇಕು. ದಿನಾ ಬೆಳಿಗ್ಗೆ ಎದ್ದು ನಿಮ್ಮ ಹೆಸರನ್ನೇ ಹುಡುಕಿ ನೋಡುದ್ರಲ್ಲಿ ಅರ್ಥ ಇಲ್ಲ, ಭಾವ ಅದನ್ನೂ ಮಾಡಿದ್ರು.

ನೋಡ್ಲೇಬೇಕು ಅಂತಾದ್ರೆ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ಅನ್ನುವ ರಿಪೋರ್ಟ್ ನೋಡಿ, ಎಂತ ಟೈಪ್ ಮಾಡಿದಾಗ ನಿಮ್ಮ ಸೈಟ್ ಕಾಣಿಸಿತು ಅಂತ ಸುಮಾರಾಗಿ ಗೊತ್ತಾಗ್ತದೆ. ಭಾವನ ಪಟ್ಟಿಯಲ್ಲಿ ಹೋಮ್‌ಸ್ಟೇಗಿಂತ ಮೇಲೆ ಇದ್ದದ್ದು ಕಾಪು ಲೈಟ್‌ಹೌಸ್. 1901ರ ಲೈಟ್‌ಹೌಸ್, ಅವ್ರ ಅಂಗಳದಿಂದ ಕಾಣ್ತದೆ, ಸೈಟಿನಲ್ಲಿ ಅದ್ರ ಬಗ್ಗೆ ಒಂದೇ ಗೆರೆ. ಅದಕ್ಕೊಂದು ಪುಟ ಬರೆಸಿದೆ, ಉಡುಪಿಯಿಂದ ಯಾವ ಬಸ್ಸು, ಎಲ್ಲಿ ಇಳಿಯುದು, ಬಂಡೆ ಹತ್ತುವಾಗ ಎಂಥ ಚಪ್ಪಲಿ ಹಾಕ್ಬೇಕು ಅಂತೆಲ್ಲ, ಕೊನೆಗೆ ನಮ್ಮ ರೂಮು ಇಲ್ಲೇ ಉಂಟು ಅಂತ ಒಂದು ಲಿಂಕು. ಮೊನ್ನೆ ಪುಣೆಯಿಂದ ಒಂದು ಫ್ಯಾಮಿಲಿ ಆ ಪುಟ ಓದಿಯೇ ನೇರ ಫೋನ್ ಮಾಡಿದ್ರಂತೆ. ಈಗ ಭಾವನಿಗೆ ಹುಮ್ಮಸ್ಸು, ಮಳೆಗಾಲದ ಬಗ್ಗೆ ಪುಟ ಬರೀತಾ ಇದ್ದಾರೆ, ಅದಕ್ಕೆ ಪತ್ರೊಡೆಯ ಫೋಟೋ ಬೇಕಂತೆ, ಅಕ್ಕ ಇನ್ನೂ ಕೆಸುವಿನ ಎಲೆ ಕೊಯ್ದಿಲ್ಲ.