ದರ್ಶಿನಿ ಕಾಫಿಗೆ ಸಕ್ಕರೆ ಬೇರೆ ಕೇಳಿ
ಸಕ್ಕರೆ ಕಡಿಮೆ ಮಾಡಬೇಕು ಅಂತಿರೋರು, ಬೆಂಗಳೂರಿನ ಯಾವುದೇ ದರ್ಶಿನಿಯಲ್ಲಿ ಟೋಕನ್ ಕೊಡುವಾಗಲೇ ‘ಅಣ್ಣಾ, ಸಕ್ಕರೆ ಬೇರೆ ಕೊಡಿ’ ಅನ್ನಿ. ಮೊದಲು ಹಾಗೇ ಒಂದು ಗುಟುಕು ಕುಡಿದು, ಆಮೇಲೆ ಬೇಕಾದಷ್ಟೇ ಹಾಕ್ಕೊಳ್ಳಿ. ವಾರಕ್ಕೆ ಕಾಲು ಚಮಚ ಇಳಿಸ್ತಾ ಬನ್ನಿ. ಹಾಲಿಗೆ ತನ್ನದೇ ಸಿಹಿ ಇರುತ್ತೆ, ನಿಧಾನವಾಗಿ ಇಳಿಸಿದರೆ ನಾಲಿಗೆ ಅದಕ್ಕೇ ಒಗ್ಗಿಕೊಳ್ಳುತ್ತೆ. ಒಂದು ಚಮಚ ಅಂದರೆ ಸುಮಾರು 4 ಗ್ರಾಂ. ಎರಡೆರಡು ಚಮಚದ ಮೂರು ಕಾಫಿಗೇ 24 ಗ್ರಾಂ ಆಯ್ತು. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೇದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೇಸರಿಬಾತ್ ತಿಂದರೆ ಅದು ಬೇರೆ! ಕೆಲವು ಕಡೆ ಹಾಲಿಗೇ ಮೊದಲೇ ಸಕ್ಕರೆ ಬೆರೆಸಿಟ್ಟಿರ್ತಾರೆ, ಅಲ್ಲಿ ಇದು ನಡೆಯಲ್ಲ. ಬೆಲ್ಲದ ಕಾಫಿಗೆ ಬದಲಾದರೂ ಉಪಯೋಗವಿಲ್ಲ, ಬೆಲ್ಲದಲ್ಲಿರೋದೂ ಹೆಚ್ಚುಕಡಿಮೆ ಸಕ್ಕರೆಯೇ.